ಹಡಗು ಬರುತ್ತೆ, ಹೋಗುತ್ತೆ; ರಾತ್ರಿ ಮಾತ್ರ ಉಳಿಯಲ್ಲ: ಮಂಗಳೂರಿನ ಕ್ರೂಸ್ ಪ್ರವಾಸೋದ್ಯಮದ ಲೆಕ್ಕಾಚಾರವೇನು?

ಮಲ್ಕಾಜ್‌ಗಿರಿ (ಹೈದರಾಬಾದ್): ಇಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಕಾಣಲು ನೂರಾರು ಕಿಲೋಮೀಟರ್ ಹೋಗಬೇಕು. ಆದರೂ ಕ್ರೂಸ್ ಹಡಗಿನ ಜಾಹೀರಾತು ಇಲ್ಲಿನ ಮನೆಮನೆಯ ಮೊಬೈಲ್‌ಗಳಲ್ಲೂ ಓಡಾಡುತ್ತಿದೆ. ನಮ್ಮ ಅಪಾರ್ಟ್‌ಮೆಂಟ್‌ನಲ್ಲಿರುವ ಕಲಬುರಗಿ ಮೂಲದ ಕುಟುಂಬವೊಂದು ಮೂರು ದಿನದ ಸಮುದ್ರ ಪ್ರವಾಸಕ್ಕೆ ಯೋಚಿಸುತ್ತಿದೆ. ಆ ಮನೆಯ ಹಿರಿಯರು ಲಿಫ್ಟ್ ಬಳಿ ಸಿಕ್ಕಾಗ ಕೇಳಿದ್ದು ಎರಡೇ ಪ್ರಶ್ನೆ. ಒಂದು, "ಹಡಗ ಹತ್ತೋಕಿಂತ ಮೊದಲ ಲಾಡ್ಜ್ ಎಲ್ಲಿ ಮಾಡಬೇಕ್ರಿ?" ಇನ್ನೊಂದು, "ಮಂಗಳೂರಾಗೂ ಬಂದರ ಅದಲ್ಲ, ಅಲ್ಲಿಂದ ಯಾಕ ಹತ್ತಲಿಕ್ಕೆ ಬರಂಗಿಲ್ಲ?"

ಮೊದಲ ಪ್ರಶ್ನೆ ಪ್ರವಾಸಿಗನದ್ದು, ಎರಡನೆಯದು ಒಂದು ಊರಿನ ಆದಾಯದ್ದು ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಅದು ಹಡಗಿನ ಹಿಂದೆ ಮುಂದೆ ಬರುವ ಆ ಒಂದು ರಾತ್ರಿ. ಆ ರಾತ್ರಿ ಪ್ರಯಾಣಿಕ ಎಲ್ಲಿ ಮಲಗುತ್ತಾನೆ ಎಂಬುದರ ಮೇಲೆ ಅವನ ಪ್ರವಾಸ ಸುಸೂತ್ರವಾಗುತ್ತದೆಯೇ ಎಂಬುದೂ, ಬಂದರು ನಗರಕ್ಕೆ ಏನು ಉಳಿಯುತ್ತದೆ ಎಂಬುದೂ ನಿಂತಿದೆ.

ಎರಡು ಬಗೆಯ ಬಂದರು:

ಕ್ರೂಸ್ ಲೋಕದಲ್ಲಿ ಬಂದರುಗಳು ಎರಡು ಬಗೆ. ಪ್ರಯಾಣಿಕರು ಹಡಗು ಹತ್ತುವ, ಪ್ರವಾಸ ಮುಗಿಸಿ ಇಳಿಯುವ ಬಂದರು ಒಂದು. ಇದನ್ನು ಹೋಂಪೋರ್ಟ್ ಎನ್ನುತ್ತಾರೆ. ಹಡಗು ಬೆಳಗ್ಗೆ ಬಂದು, ಪ್ರಯಾಣಿಕರು ಊರು ಸುತ್ತಿ, ಸಂಜೆ ಹೊರಟುಹೋಗುವ ಬಂದರು ಇನ್ನೊಂದು. ಮುಂಬೈ, ಚೆನ್ನೈ ಮೊದಲ ಬಗೆಗೆ ಸೇರುತ್ತವೆ. ಪಣಂಬೂರಿನ ನವಮಂಗಳೂರು ಬಂದರು ಇವತ್ತಿನವರೆಗೆ ಮುಖ್ಯವಾಗಿ ಎರಡನೇ ಬಗೆಯದ್ದು.

ವ್ಯತ್ಯಾಸ ಸಣ್ಣದಲ್ಲ. ಹೋಂಪೋರ್ಟ್‌ಗೆ ಬರುವ ಪ್ರಯಾಣಿಕ ರೈಲು ಅಥವಾ ವಿಮಾನದಲ್ಲಿ ಒಂದು ದಿನ ಮೊದಲೇ ಬಂದಿಳಿಯುತ್ತಾನೆ. ಹೋಟೆಲ್‌ನಲ್ಲಿ ಉಳಿಯುತ್ತಾನೆ, ಊಟ ಮಾಡುತ್ತಾನೆ, ಆಟೋ ಹತ್ತುತ್ತಾನೆ, ವಾಪಸ್ ಬಂದ ದಿನವೂ ಅರ್ಧ ದಿನ ಊರಲ್ಲಿ ಓಡಾಡುತ್ತಾನೆ. ತಂಗುವ ಬಂದರಿಗೆ ಬರುವವನ ಹಾಸಿಗೆಯೂ ಹಡಗಿನಲ್ಲೇ, ಬೆಳಗಿನ ತಿಂಡಿಯೂ ಹಡಗಿನಲ್ಲೇ, ರಾತ್ರಿಯ ಊಟವೂ ಹಡಗಿನಲ್ಲೇ. ಊರಿಗೆ ಸಿಗುವುದು ನಡುವಿನ ಆರೇಳು ಗಂಟೆ ಮಾತ್ರ.

ಹಡಗು ಹತ್ತುವವರಿಗೆ: ಆ ಒಂದು ರಾತ್ರಿ ಖರ್ಚಲ್ಲ, ವಿಮೆ:

ಮೊದಲು ಲಾಡ್ಜ್ ಪ್ರಶ್ನೆಗೇ ಬರೋಣ. ರೈಲು ತಪ್ಪಿದರೆ ಮುಂದಿನ ರೈಲು ಇರುತ್ತದೆ. ಹಡಗು ತಪ್ಪಿದರೆ ಮುಂದಿನದ್ದು ಇಲ್ಲ, ಟಿಕೆಟ್ ಹಣವೂ ಬಹುತೇಕ ಹೋದಂತೆಯೇ. ಹೊರಡುವ ಸಮಯಕ್ಕೆ ಬಹಳ ಮೊದಲೇ ಚೆಕ್-ಇನ್ ಮುಗಿಯುತ್ತದೆ. ಹಾಗಾಗಿ ಹಡಗು ಹೊರಡುವ ದಿನವೇ ಆ ಊರಿಗೆ ತಲುಪುವ ಯೋಜನೆ ಅಪಾಯದ್ದು. ಹಿಂದಿನ ದಿನವೇ ತಲುಪಿ, ಟರ್ಮಿನಲ್‌ಗೆ ಹತ್ತಿರ ಉಳಿಯುವುದು ಜಾಣತನ.

'ಹತ್ತಿರ' ಎಂಬ ಪದವನ್ನು ಇಲ್ಲಿ ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಮುಂಬೈಗೆ ಹೋಗುವ ಅನೇಕರು ಅಭ್ಯಾಸದಂತೆ ಅಂಧೇರಿ ಕಡೆ, ವಿಮಾನ ನಿಲ್ದಾಣದ ಸುತ್ತ ಕೊಠಡಿ ಕಾದಿರಿಸುತ್ತಾರೆ. ಕ್ರೂಸ್ ಟರ್ಮಿನಲ್ ಇರುವುದು ದಕ್ಷಿಣ ತುದಿಯ ಬಲ್ಲಾರ್ಡ್ ಪಿಯರ್‌ನಲ್ಲಿ. ಎರಡರ ನಡುವೆ ಇಡೀ ಮುಂಬೈನ ಟ್ರಾಫಿಕ್ ಇದೆ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಅಂದರೆ ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ಟರ್ಮಿನಲ್‌ಗೆ ಟ್ಯಾಕ್ಸಿಯಲ್ಲಿ ಕೆಲವೇ ನಿಮಿಷದ ದಾರಿ. ಹಾಗಾಗಿ ಫೋರ್ಟ್, ಕೊಲಾಬಾ, ಸಿಎಸ್‌ಎಂಟಿ ಸುತ್ತಮುತ್ತ ಚಿಕ್ಕದಾದರೂ ಸರಿ, ಒಂದು ಕೊಠಡಿ ಸಿಕ್ಕರೆ ಮರುದಿನದ ಆತಂಕ ಇಲ್ಲ. ನೋಡುವ ಜಾಗಗಳೂ ಅಲ್ಲೇ ಇವೆ. 2004ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದ ಸಿಎಸ್‌ಎಂಟಿ ಕಟ್ಟಡ, 2018ರಲ್ಲಿ ಅದೇ ಪಟ್ಟಿ ಸೇರಿದ ಓವಲ್ ಮೈದಾನದ ಸುತ್ತಲಿನ ಕಟ್ಟಡಗಳು, ಗೇಟ್‌ವೇ ಆಫ್ ಇಂಡಿಯಾ ಎಲ್ಲವೂ ಒಂದು ದಿನದ ನಡಿಗೆಯಲ್ಲಿ ಮುಗಿಯುತ್ತವೆ. ಎಲಿಫೆಂಟಾ ಗುಹೆಗಳಿಗೆ ಹೋಗುವ ಆಸೆ ಇದ್ದರೆ ವಾರ ನೋಡಿಕೊಳ್ಳಿ. ಸೋಮವಾರ ಅಲ್ಲಿ ರಜೆ.

ವಿಶಾಖಪಟ್ಟಣದ ಲೆಕ್ಕ ಬೇರೆ. ಮಲ್ಕಾಜ್‌ಗಿರಿಯ ಪಕ್ಕದ ಸಿಕಂದರಾಬಾದ್‌ನಿಂದ ಅಲ್ಲಿಗೆ ಎರಡು ವಂದೇ ಭಾರತ್ ರೈಲುಗಳಿವೆ. 2023ರ ಜನವರಿಯಲ್ಲಿ ಶುರುವಾದದ್ದು ಮಧ್ಯಾಹ್ನ ಹೊರಟು ಮಧ್ಯರಾತ್ರಿಯ ಹೊತ್ತಿಗೆ ತಲುಪುತ್ತದೆ. 2024ರ ಮಾರ್ಚ್‌ನಲ್ಲಿ ಶುರುವಾದದ್ದು ನಸುಕಿನಲ್ಲಿ ಹೊರಟು ಮಧ್ಯಾಹ್ನ ತಲುಪುತ್ತದೆ. ಹಿಂದಿನ ದಿನ ಎರಡನೆಯದರಲ್ಲಿ ಹೋದರೆ ಸಂಜೆಗೆ ಆರ್‌.ಕೆ. ಬೀಚ್, ಅಲ್ಲಿನ ಐಎನ್‌ಎಸ್ ಕುರ್ಸುರಾ ಜಲಾಂತರ್ಗಾಮಿ ಮ್ಯೂಸಿಯಂ ನೋಡಿ ಮಲಗಬಹುದು. ಮೊದಲನೆಯದರಲ್ಲಿ ಹೋದರೆ ಕೊಠಡಿಗೆ ಹಣ ಕೊಟ್ಟು ಬರೀ ನಿದ್ದೆ ಮಾಡಿದಂತೆ. ಅರಕು ಕಣಿವೆ ನೂರು ಕಿಲೋಮೀಟರ್‌ಗೂ ದೂರ. ಅದನ್ನು ಹಡಗು ಹತ್ತುವ ಮುಂಚಿನ ದಿನಕ್ಕೆ ಸೇರಿಸಲೇಬಾರದು. ವಾಪಸ್ ಬಂದ ನಂತರಕ್ಕೆ ಇಟ್ಟುಕೊಳ್ಳಬೇಕು.

ಇದೇ ಮುಖ್ಯ ಸೂತ್ರ. ಹಡಗಿಗೆ ಮೊದಲು ಹತ್ತಿರದ ಜಾಗ, ಹಡಗಿನ ನಂತರ ದೂರದ ಜಾಗ. ಹಡಗು ಸಾಮಾನ್ಯವಾಗಿ ಬೆಳಗ್ಗೆ ದಡ ಸೇರುವುದರಿಂದ ಕೊನೆಯ ದಿನ ಪೂರ್ತಿ ಕೈಯಲ್ಲಿರುತ್ತದೆ. ಇನ್ನೊಂದು ಸಮಾಧಾನದ ಸಂಗತಿ ಎಂದರೆ, 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಹೋಟೆಲ್ ಕೊಠಡಿಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಮಧ್ಯಮ ವರ್ಗದ ಕುಟುಂಬ ಉಳಿಯುವ ಬಹುತೇಕ ಕೊಠಡಿಗಳು ಈ ಮಿತಿಯೊಳಗೇ ಬರುತ್ತವೆ.

ಮಂಗಳೂರಿನ ಆರು ಗಂಟೆ:

ಈಗ ಮಂಗಳೂರಿಗೆ ಬರೋಣ. ಕರ್ನಾಟಕದ ಏಕೈಕ ಪ್ರಮುಖ ಬಂದರು ಇದು. ಕ್ರೂಸ್ ಸೀಸನ್ ಮಳೆಗಾಲ ಮುಗಿದ ಮೇಲೆ ಶುರುವಾಗಿ ಬೇಸಿಗೆವರೆಗೆ ನಡೆಯುತ್ತದೆ. ಕೋವಿಡ್ ನಂತರ ಮೊದಲ ಹಡಗು ಬಂದದ್ದು 2022ರ ನವೆಂಬರ್ 28ರಂದು. ಯುರೋಪಾ 2 ಹೆಸರಿನ ಆ ಹಡಗಿನಲ್ಲಿ ಇದ್ದವರು ಸುಮಾರು 270 ಪ್ರಯಾಣಿಕರು. ಸಿಬ್ಬಂದಿಯ ಸಂಖ್ಯೆ ಅದಕ್ಕಿಂತ ಹೆಚ್ಚಿತ್ತು. ಹಡಗು ಬಂದಾಗಲೆಲ್ಲ ಬಂದರಿನಲ್ಲಿ ಯಕ್ಷಗಾನದ ವೇಷ, ಚೆಂಡೆ ಮದ್ದಳೆಯ ಸ್ವಾಗತ ಇರುತ್ತದೆ. ವಲಸೆ ತಪಾಸಣೆಯ ಕೌಂಟರ್‌, ಸಾಲು ನಿಂತ ಬಸ್‌, ಟ್ಯಾಕ್ಸಿಗಳೂ ಇರುತ್ತವೆ. ವಿದೇಶಿಗರು ಇ-ವೀಸಾದಲ್ಲಿ ದೇಶ ಪ್ರವೇಶಿಸಬಹುದಾದ ಮೊದಲ ಐದು ಬಂದರುಗಳ ಪಟ್ಟಿಯಲ್ಲಿ ಮುಂಬೈ, ಗೋವಾ, ಕೊಚ್ಚಿ, ಚೆನ್ನೈ ಜೊತೆ ಮಂಗಳೂರೂ ಇದೆ.

ಅಂದರೆ ಬಾಗಿಲು ತೆರೆದೇ ಇದೆ. ಬಂದವರಿಗೆ ಸಮಯ ಎಷ್ಟಿದೆ ಎಂಬುದೇ ಪ್ರಶ್ನೆ. ಒಂದು ಉದಾಹರಣೆ ತೆಗೆದುಕೊಳ್ಳಿ. ಹಡಗು ಬೆಳಗ್ಗೆ 8ಕ್ಕೆ ಬಂದು ಸಂಜೆ 5ಕ್ಕೆ ಹೊರಡುತ್ತದೆ ಎಂದುಕೊಳ್ಳೋಣ. ತಪಾಸಣೆ ಮುಗಿಸಿ ಬಸ್ ಹತ್ತುವಾಗ 9 ಆಗುತ್ತದೆ. 3.30ಕ್ಕೆ ಬಂದರಿಗೆ ಮರಳಿದರೆ ಕ್ಷೇಮ. ಉಳಿದದ್ದು ಆರೂವರೆ ಗಂಟೆ.

ಪಣಂಬೂರಿನಿಂದ ಮೂಡುಬಿದಿರೆ ಸುಮಾರು 35 ಕಿಲೋಮೀಟರ್. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿ ಅಲ್ಲಿದೆ. ಅಲ್ಲಿಂದ ಸುಮಾರು 18 ಕಿಲೋಮೀಟರ್ ಮುಂದೆ ಕಾರ್ಕಳ. 1432ರಲ್ಲಿ ನಿಲ್ಲಿಸಿದ, ಸುಮಾರು 42 ಅಡಿ ಎತ್ತರದ ಗೊಮ್ಮಟ ಅಲ್ಲಿದ್ದಾನೆ. ಹೋಗಿ ಬರುವ ದಾರಿಯೇ ಮೂರು ಗಂಟೆ ತಿನ್ನುತ್ತದೆ. ಮಂಗಳೂರಿನ ಕುಲಶೇಖರದಿಂದ ಕಾರ್ಕಳದ ಕಡೆಗೆ ರಾಷ್ಟ್ರೀಯ ಹೆದ್ದಾರಿ 169ರ ಚತುಷ್ಪಥ ಕಾಮಗಾರಿ ವರ್ಷಗಳಿಂದ ಎಳೆಯುತ್ತಿರುವುದು ಆ ದಾರಿಯಲ್ಲಿ ಓಡಾಡುವವರಿಗೆಲ್ಲ ಗೊತ್ತು. ಉಳಿದ ಮೂರು ಚಿಲ್ಲರೆ ಗಂಟೆಯಲ್ಲಿ ಬಸದಿ, ಗೊಮ್ಮಟ, ದಾರಿಯಲ್ಲೊಂದು ಗೇರುಬೀಜ ಕಾರ್ಖಾನೆ. ಅಷ್ಟಕ್ಕೆ ದಿನ ಮುಗಿಯಿತು.

ನಗರದೊಳಗೇ ಸುತ್ತಿದರೆ ದಾರಿಯ ಸಮಯ ಉಳಿಯುತ್ತದೆ. ಸೇಂಟ್ ಅಲೋಶಿಯಸ್ ಚಾಪೆಲ್‌ನ ಗೋಡೆ, ಚಾವಣಿಯ ತುಂಬ ಇಟಲಿಯ ಅಂಟೋನಿಯೊ ಮೊಸ್ಕೆನಿ ಬಿಡಿಸಿದ ಚಿತ್ರಗಳಿವೆ. ಕದ್ರಿಯಲ್ಲಿ ಕ್ರಿ.ಶ. 968ರ ಶಾಸನವಿರುವ ಲೋಕೇಶ್ವರನ ಕಂಚಿನ ವಿಗ್ರಹ ಇದೆ. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠಾಪಿಸಿದ ಕುದ್ರೋಳಿ ಗೋಕರ್ಣನಾಥ ಕ್ಷೇತ್ರವಿದೆ. ಇವೆಲ್ಲ ಕೆಲವೇ ಕಿಲೋಮೀಟರ್ ಅಂತರದಲ್ಲಿವೆ. ಇಲ್ಲಿ ಬೇರೊಂದು ತೊಡಕಿದೆ. ಬಹುತೇಕ ದೇವಸ್ಥಾನಗಳು ಮಧ್ಯಾಹ್ನದ ಪೂಜೆ ಮುಗಿದ ಮೇಲೆ ಬಾಗಿಲು ಹಾಕಿ ಸಂಜೆ ತೆರೆಯುತ್ತವೆ. ಹಡಗಿನವರ ದಿನದ ಅರ್ಧ ಭಾಗ ಬಾಗಿಲು ಮುಚ್ಚಿದ ಹೊತ್ತಲ್ಲೇ ಕಳೆಯುತ್ತದೆ. ದೇವಸ್ಥಾನ ಬೆಳಗ್ಗೆ, ಚಾಪೆಲ್ ಮತ್ತು ಮಾರುಕಟ್ಟೆ ಮಧ್ಯಾಹ್ನ ಎಂಬ ಕ್ರಮ ಹಾಕಿಕೊಳ್ಳದ ಪ್ರವಾಸಿ ಅರ್ಧ ಊರು ನೋಡದೆ ಹೋಗುತ್ತಾನೆ.

ಹಣ ಎಲ್ಲಿಗೆ ಹೋಗುತ್ತದೆ?:

ವಿದೇಶಿ ಪ್ರಯಾಣಿಕರಲ್ಲಿ ಅನೇಕರು ಊರು ಸುತ್ತುವ ಪ್ಯಾಕೇಜ್ ಅನ್ನು ಹಡಗಿನಲ್ಲೇ ಖರೀದಿಸುತ್ತಾರೆ. ಕಾರಣ ಸ್ಪಷ್ಟ. ಹಡಗಿನವರೇ ಏರ್ಪಾಡು ಮಾಡಿದ ಬಸ್ ತಡವಾದರೆ ಹಡಗು ಕಾಯುತ್ತದೆ. ಸ್ವಂತ ಟ್ಯಾಕ್ಸಿ ಮಾಡಿಕೊಂಡು ಹೋದವರು ತಡ ಮಾಡಿದರೆ ಕಾಯುವುದಿಲ್ಲ. ಈ ಭಯಕ್ಕೆ ಬೆಲೆ ಇದೆ. ಪ್ಯಾಕೇಜ್ ಹಣದಲ್ಲಿ ಹಡಗಿನ ಕಂಪನಿಯ ಪಾಲು, ಪ್ರವಾಸಿ ಏಜೆನ್ಸಿಯ ಪಾಲು ಕಳೆದು ಉಳಿದದ್ದು ಸ್ಥಳೀಯ ಬಸ್‌, ಗೈಡ್, ಊಟದ ಮನೆಗೆ ಬರುತ್ತದೆ. ಬಂದರಿನ ಗೇಟಿನ ಹೊರಗೆ ಕಾದು ನಿಂತ ಆಟೋ ಚಾಲಕನಿಗೆ ಸಿಗುವುದು ಪ್ಯಾಕೇಜ್ ಬೇಡವೆಂದ ಕೆಲವರು ಮತ್ತು ಕೆಲವು ಗಂಟೆ ಬಿಡುವು ಸಿಕ್ಕ ಹಡಗಿನ ಸಿಬ್ಬಂದಿ. ಹೋಟೆಲ್ ಕೊಠಡಿಗಳಿಗೆ ಇದರಲ್ಲಿ ಪಾಲೇ ಇಲ್ಲ.

ಜಗತ್ತಿನ ದೊಡ್ಡ ಕ್ರೂಸ್ ನಗರಗಳು ಈ ಲೆಕ್ಕವನ್ನು ಈಗಾಗಲೇ ಮಾಡಿವೆ. ಬಾರ್ಸಿಲೋನಾದಲ್ಲಿ 12 ಗಂಟೆಗಿಂತ ಕಡಿಮೆ ಹೊತ್ತು ಇರುವ ಕ್ರೂಸ್ ಪ್ರಯಾಣಿಕರ ಮೇಲಿನ ತೆರಿಗೆ ಹೆಚ್ಚಿಸುವುದಾಗಿ ಅಲ್ಲಿನ ಮೇಯರ್ 2024ರಲ್ಲಿ ಹೇಳಿದ್ದರು. 2025ರಲ್ಲಿ, ಟರ್ಮಿನಲ್‌ಗಳ ಸಂಖ್ಯೆಯನ್ನು 2030ರ ಹೊತ್ತಿಗೆ 7ರಿಂದ 5ಕ್ಕೆ ಇಳಿಸಲು ನಗರಾಡಳಿತ ಮತ್ತು ಬಂದರು ಒಪ್ಪಿಕೊಂಡವು. ಗ್ರೀಸ್ 2025ರ ಜುಲೈನಿಂದ ಕ್ರೂಸ್ ಪ್ರಯಾಣಿಕರ ಮೇಲೆ ಶುಲ್ಕ ಹಾಕಿದೆ. ಸ್ಯಾಂಟೊರಿನಿ, ಮೈಕೊನೊಸ್ ದ್ವೀಪಗಳಲ್ಲಿ ಸೀಸನ್‌ನಲ್ಲಿ ಅದು ತಲೆಗೆ 20 ಯೂರೊ. ಅಲ್ಲಿನ ಸಮಸ್ಯೆ ಜನಜಂಗುಳಿ. ನಮ್ಮದು ಅದಲ್ಲ. ಆದರೆ ಪಾಠ ನಮಗೂ ಅನ್ವಯ. ಗಂಟೆ ಲೆಕ್ಕದಲ್ಲಿ ಬಂದು ಹೋಗುವವನಿಗಿಂತ ಒಂದು ರಾತ್ರಿ ಉಳಿಯುವವನೇ ಊರಿಗೆ ಹಿತ ಎಂಬುದನ್ನು ಬಾರ್ಸಿಲೋನಾ ತೆರಿಗೆಯ ಭಾಷೆಯಲ್ಲಿ ಹೇಳಿದೆ.

ಕೇಂದ್ರದ ಗುರಿ ಏನು?:

ಕೇಂದ್ರ ಬಂದರು ಸಚಿವ ಸರ್ಬಾನಂದ ಸೋನೊವಾಲ್ 2024ರ ಸೆಪ್ಟೆಂಬರ್ 30ರಂದು ಮುಂಬೈನಲ್ಲಿ 'ಕ್ರೂಸ್ ಭಾರತ್ ಮಿಷನ್'ಗೆ ಚಾಲನೆ ನೀಡಿದರು. ಮೂರು ಹಂತಗಳ ಈ ಯೋಜನೆ 2029ರ ಮಾರ್ಚ್‌ಗೆ ಮುಗಿಯಬೇಕು. ಅಷ್ಟರಲ್ಲಿ ಸಮುದ್ರ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು 5 ಲಕ್ಷದಿಂದ 10 ಲಕ್ಷಕ್ಕೆ, ಅಂತಾರಾಷ್ಟ್ರೀಯ ಟರ್ಮಿನಲ್‌ಗಳನ್ನು 2ರಿಂದ 10ಕ್ಕೆ ಏರಿಸುವುದು ಗುರಿ.

ಟರ್ಮಿನಲ್‌ಗಳು ಏಳುತ್ತಿವೆ ಎಂಬುದು ನಿಜ. 2025ರ ಸೆಪ್ಟೆಂಬರ್ 20ರಂದು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದ ಮುಂಬೈನ ಹೊಸ ಟರ್ಮಿನಲ್‌ನ ವಿಸ್ತೀರ್ಣ 4.15 ಲಕ್ಷ ಚದರ ಅಡಿ. ಏಕಕಾಲಕ್ಕೆ ಐದು ಹಡಗು, ವರ್ಷಕ್ಕೆ 10 ಲಕ್ಷ ಪ್ರಯಾಣಿಕರು ಅದರ ಸಾಮರ್ಥ್ಯ. ವಿಶಾಖಪಟ್ಟಣದಲ್ಲಿ 96.05 ಕೋಟಿ ರೂಪಾಯಿ ವೆಚ್ಚದ ಟರ್ಮಿನಲ್ 2023ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. 2,000 ಪ್ರಯಾಣಿಕರ ಹಡಗನ್ನು ನಿಭಾಯಿಸುವ ಸಾಮರ್ಥ್ಯ ಅದಕ್ಕಿದೆ. ಕೊಚ್ಚಿಯಲ್ಲಿ 'ಸಾಗರಿಕಾ' 2021ರ ಫೆಬ್ರವರಿಯಿಂದಲೇ ಇದೆ.

ಆದರೆ ಕಟ್ಟಡ ಹಡಗನ್ನು ಕರೆತರುವುದಿಲ್ಲ. ಹಡಗಿನ ದಾರಿ ನಿರ್ಧರಿಸುವುದು ಕಂಪನಿಗಳು, ಅದನ್ನೂ ವರ್ಷಗಳ ಮುಂಚೆ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹೌತಿ ದಾಳಿಗಳು ಶುರುವಾದಾಗ ಅನೇಕ ಕ್ರೂಸ್ ಕಂಪನಿಗಳು ಸೂಯೆಜ್ ಮಾರ್ಗವನ್ನೇ ಬಿಟ್ಟು ಆಫ್ರಿಕಾ ಸುತ್ತುವ ದಾರಿ ಹಿಡಿದವು. ಯುರೋಪಿನಿಂದ ಸೂಯೆಜ್ ದಾಟಿ ಭಾರತದ ಪಶ್ಚಿಮ ಕರಾವಳಿ ಹಿಡಿದು ಶ್ರೀಲಂಕಾ ಕಡೆ ಹೋಗುವ ಹಡಗನ್ನೇ ನಂಬಿಕೊಂಡ ಬಂದರು ಸಾವಿರಾರು ಕಿಲೋಮೀಟರ್ ಆಚೆಯ ಯುದ್ಧಕ್ಕೂ ತಲೆಬಾಗಬೇಕು. ತಂಗುವ ಬಂದರಾಗಿಯೇ ಉಳಿಯುವುದರ ನಿಜವಾದ ಅಪಾಯ ಇದು.

ಹಾಗಾದರೆ ಮಂಗಳೂರಿನಿಂದ ಯಾಕೆ ಹತ್ತಲಾಗದು?:

ದೇಶೀಯ ಕ್ರೂಸ್‌ನ ಚಿತ್ರ ಬೇರೆಯೇ ಇದೆ. 2021ರ ಸೆಪ್ಟೆಂಬರ್‌ನಲ್ಲಿ ಮುಂಬೈನಿಂದ ಸೇವೆ ಆರಂಭಿಸಿದ ಕಾರ್ಡೆಲಿಯಾದ 'ಎಂಪ್ರೆಸ್' ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಹೋಗುತ್ತದೆ. ಪಶ್ಚಿಮದಲ್ಲಿ ಮುಂಗಾರು ಶುರುವಾದರೆ ಪೂರ್ವ ಕರಾವಳಿಗೆ ತಿರುಗುತ್ತದೆ. 2022ರ ಜೂನ್‌ನಲ್ಲಿ ಅದು ವಿಶಾಖಪಟ್ಟಣದಿಂದಲೂ ಪ್ರಯಾಣಿಕರನ್ನು ಹತ್ತಿಸಿಕೊಂಡಿತ್ತು. ಪೂರ್ಣ ಪ್ರಮಾಣದ ಹೋಂಪೋರ್ಟ್ ಅಲ್ಲದ ಊರಿನಿಂದಲೂ ಒಂದಷ್ಟು ಕೊಠಡಿಗಳ ಜನರನ್ನು ಹತ್ತಿಸಿಕೊಳ್ಳಬಹುದು ಎಂಬುದಕ್ಕೆ ಇದೇ ಉದಾಹರಣೆ. ಮುಂಬೈ, ಗೋವಾ, ಕೊಚ್ಚಿ ದಾರಿಯಲ್ಲಿ ಹಡಗು ಹಾದುಹೋಗುವುದು ಕರ್ನಾಟಕದ ಕರಾವಳಿಯ ಎದುರಿನಿಂದಲೇ.

ಅಡ್ಡಿಗಳಿಲ್ಲ ಎಂದಲ್ಲ. ಮುಂಬೈ, ಚೆನ್ನೈ ತಾವೇ ಕೋಟಿಗಟ್ಟಲೆ ಜನರ ಮಾರುಕಟ್ಟೆ. ಮಂಗಳೂರಿಗೆ ಆ ಮಾರುಕಟ್ಟೆ 350 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿದೆ, ನಡುವೆ ಘಟ್ಟವಿದೆ. ಮಂಗಳೂರು ವಿಮಾನ ನಿಲ್ದಾಣದ ವಿದೇಶಿ ಸಂಪರ್ಕ ಮುಖ್ಯವಾಗಿ ಕೊಲ್ಲಿ ದೇಶಗಳಿಗೆ. ಯುರೋಪಿನ ಪ್ರಯಾಣಿಕ ಇಲ್ಲಿಗೆ ಹಾರಿ ಬಂದು ಹಡಗು ಹತ್ತುವುದು ಸದ್ಯಕ್ಕೆ ಕಷ್ಟ. ಹಾಗಾಗಿ ಮಂಗಳೂರು ಮುಂಬೈ ಆಗಲು ಹೊರಡಬೇಕಿಲ್ಲ. ದೇಶೀಯ ಹಡಗೊಂದು ವಾರಕ್ಕೊಮ್ಮೆ ಬಂದು ನೂರಿನ್ನೂರು ಮಂದಿಯನ್ನು ಹತ್ತಿಸಿಕೊಂಡು ಹೋದರೂ ಹೋಟೆಲ್‌ಗಳ ಲೆಕ್ಕ ಬದಲಾಗುತ್ತದೆ. ಒಂದು ಸರಳ ಗಣಿತ ಮಾಡಿ ನೋಡಿ. 200 ಮಂದಿ ಎಂದರೆ ಹೆಚ್ಚುಕಡಿಮೆ 80ರಿಂದ 100 ಕೊಠಡಿ. ಹಡಗಿಗೆ ಮೊದಲು ಒಂದು ರಾತ್ರಿ, ನಂತರ ಒಂದು ರಾತ್ರಿ. ಎರಡು ಸಾವಿರ ವಿದೇಶಿಗರು ಬಂದು ಸಂಜೆಗೆ ಹೊರಟುಹೋದರೂ ಸಿಗದ ವ್ಯಾಪಾರ ಇದು.

ಇದು ಕರಾವಳಿಗೆ ಹೊಸದೂ ಅಲ್ಲ. ಕೊಂಕಣ ರೈಲು ಪೂರ್ಣವಾಗಿ ತೆರೆದದ್ದು 1998ರಲ್ಲಿ. ಅದಕ್ಕೂ ಬಹಳ ಹಿಂದೆ, ರಸ್ತೆಗಳೂ ಸರಿಯಿಲ್ಲದ ಕಾಲದಲ್ಲಿ ದಕ್ಷಿಣ ಕನ್ನಡದ ಹುಡುಗರು ಮುಂಬೈನ ಹೋಟೆಲ್ ಕೆಲಸಕ್ಕೆ ಸ್ಟೀಮರ್ ಹತ್ತಿ ಹೋದವರು. ಈಗಲೂ ಲಕ್ಷದ್ವೀಪದ ನಂಟು ಉಳಿದಿದೆ. 2024ರ ಮೇ ತಿಂಗಳಲ್ಲಿ 'ಪರಳಿ' ಎಂಬ ವೇಗದ ಹಡಗು ಸುಮಾರು 160 ಪ್ರಯಾಣಿಕರೊಂದಿಗೆ ಏಳು ಗಂಟೆಯಲ್ಲಿ ಮಂಗಳೂರಿನ ಹಳೆ ಬಂದರು ತಲುಪಿತ್ತು. ಚಿಕಿತ್ಸೆಗೆ, ಖರೀದಿಗೆ ಬರುವ ದ್ವೀಪದ ಜನ ಊರಲ್ಲಿ ರಾತ್ರಿ ಉಳಿಯುವವರು.

ಹೈದರಾಬಾದ್ ಕನ್ನಡಿಗರಿಗೆ ಏನು ಸಂಬಂಧ?:

ಸಂಬಂಧ ಇದೆ. ಕಾಚಿಗುಡದಿಂದ ಮಂಗಳೂರಿಗೆ ವಾರಕ್ಕೆರಡು ಬಾರಿ ಓಡುತ್ತಿದ್ದ ರೈಲು 2024ರ ಅಕ್ಟೋಬರ್‌ನಿಂದ ಉಡುಪಿ, ಕುಂದಾಪುರ ದಾಟಿ ಮುರ್ಡೇಶ್ವರದವರೆಗೆ ಹೋಗುತ್ತಿದೆ. ಒಂದು ದಿನಕ್ಕೂ ಹೆಚ್ಚಿನ ಪಯಣ. ಇಲ್ಲಿನ ಕನ್ನಡ ಕುಟುಂಬಗಳು ಧರ್ಮಸ್ಥಳ, ಕುಕ್ಕೆ, ಉಡುಪಿ, ಕೊಲ್ಲೂರಿಗೆ ಹೇಗೂ ಹೋಗಿ ಬರುತ್ತವೆ. ಮಕ್ಕಳ ರಜೆ, ಹರಕೆ, ಮುಡಿ ಎಂದು ಏನಾದರೊಂದು ಕಾರಣ ಇದ್ದೇ ಇರುತ್ತದೆ. ಅದೇ ಪ್ರವಾಸದ ನಡುವೆ ಪಣಂಬೂರಿನಿಂದ ಎರಡು ದಿನದ ಹಡಗು ಸೇರಿಕೊಂಡರೆ ಅವರ ಒಂದು ರಾತ್ರಿ ಮುಂಬೈನ ಬದಲು ಮಂಗಳೂರಿನಲ್ಲಿ ಕಳೆಯುತ್ತದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಕುಟುಂಬಗಳಿಗೂ ಇದೇ ಮಾತು.

ಹಡಗಿನ ಕಂಪನಿಯನ್ನು ಒಪ್ಪಿಸುವ ಕೆಲಸ ಬಂದರು ಪ್ರಾಧಿಕಾರದ್ದು ಮತ್ತು ರಾಜ್ಯ ಸರ್ಕಾರದ್ದು. ಅಲ್ಲಿಯವರೆಗೆ ಇರುವ ಆರು ಗಂಟೆಯನ್ನಾದರೂ ಚೆನ್ನಾಗಿ ಬಳಸಬಹುದು. ಬಂದರಿನ ಗೇಟಿನಲ್ಲಿ ಟ್ಯಾಕ್ಸಿ, ಆಟೋಗಳ ನಿಗದಿತ ದರಪಟ್ಟಿ, ಎರಡು ಗಂಟೆ, ನಾಲ್ಕು ಗಂಟೆ, ಆರು ಗಂಟೆಯ ಸಿದ್ಧ ಸುತ್ತಾಟ, ಹಡಗು ಬರುವ ದಿನ ಯಾವುದು ತೆರೆದಿದೆ, ಯಾವಾಗ ಮುಚ್ಚುತ್ತದೆ ಎಂಬ ಒಂದು ಪುಟದ ಮಾಹಿತಿ ಇಷ್ಟಿದ್ದರೆ ಸಾಕು. ಇದಕ್ಕೆ ನೂರು ಕೋಟಿಯ ಕಟ್ಟಡ ಬೇಕಿಲ್ಲ.

ನಮ್ಮ ಅಪಾರ್ಟ್‌ಮೆಂಟ್‌ನ ಹಿರಿಯರಿಗೆ ಸದ್ಯಕ್ಕೆ ಕೊಟ್ಟ ಉತ್ತರ ಇಷ್ಟೇ: ಮುಂಬೈನಿಂದ ಹೊರಡುವುದಾದರೆ ಸಿಎಸ್‌ಎಂಟಿ ಹತ್ತಿರ ಕೊಠಡಿ ಮಾಡಿ, ಒಂದು ದಿನ ಮೊದಲೇ ತಲುಪಿ, ದೂರದ ಜಾಗಗಳನ್ನು ವಾಪಸ್ ಬಂದ ಮೇಲೆ ನೋಡಿ. ಅವರ ಎರಡನೇ ಪ್ರಶ್ನೆಗೆ ಉತ್ತರ ಮಲ್ಕಾಜ್‌ಗಿರಿಯಲ್ಲಿ ಸಿಗುವುದಿಲ್ಲ. ಅದನ್ನು ಪಣಂಬೂರು ಮತ್ತು ವಿಧಾನಸೌಧ ಸೇರಿ ಕೊಡಬೇಕು.